ಎಂಜಿಬಿ ಎಂಜಿನ್ ಹಿಂದಿನಿಂದ ಆಯಿಲ್ ಸೋರುತ್ತಿದೆ: ಹೊಸ ಸೀಲ್ ಹಾಕಿಸಲಾ, ಕ್ಯಾಚ್ ಕ್ಯಾನ್ ಕೂರಿಸಲಾ?

ಗ್ಯಾರೇಜಿನವರು ಸೀಲ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು; ಸೀಲ್ ಹಾಕಿಸಲಾ, ಇಲ್ಲಾ ಎಂಜಿನ್ ಉಗುಳುವ ಆಯಿಲ್ ಹಿಡಿಯುವ ಡಬ್ಬಿ (ಕ್ಯಾಚ್ ಕ್ಯಾನ್) ಕೂರಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮೊದಲು ಆ ಎಂಜಿನ್ ಸರಿಯಾಗಿ ಉಸಿರಾಡುತ್ತಿದೆಯಾ, ಅಂದರೆ ಒಳಗಿನ ಗ್ಯಾಸ್ ಹೊರಹೋಗುತ್ತಿದೆಯಾ ನೋಡಿ.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿ ಹತ್ತಿರ. ನನ್ನದೂ ಎಂಜಿಬಿಯೇ, 1972ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕವಚ, ಅಂದರೆ ಬೆಲ್ ಹೌಸಿಂಗ್, ಅದರ ತಳದ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದಲ್ಲ, ಅದರ ತುದಿಯಲ್ಲಿ ಯಾವಾಗಲೂ ಒಂದು ಹನಿ ನಿಂತಿರುತ್ತಿತ್ತು. ಕೆಳಗೆ ಹಾಸಿದ ರಟ್ಟು ಬೆಳಗಾಗುವಷ್ಟರಲ್ಲಿ ದೋಸೆಯಗಲ ನೆನೆದಿರುತ್ತಿತ್ತು. ನಿಮಗೆ ಹೇಳಿದ ಹಾಗೇ ನನಗೂ ಗ್ಯಾರೇಜಿನವರು ಹೇಳಿದ್ದು ಒಂದೇ ಮಾತು: ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿ ಆಯಿಲ್ ತಡೆಯುವ ಸೀಲ್ ಹೋಗಿದೆ, ಎಂಜಿನ್ ಇಳಿಸಬೇಕು.

ಇಳಿಸಿದೆ. ಕ್ರೇನ್ ಬಾಡಿಗೆಗೆ ತಂದೆ. ಕ್ಲಚ್, ಫ್ಲೈವೀಲ್ ಬಿಚ್ಚಿ ಸೀಲ್ ಹಾಕಿದೆ. ಎರಡು ವಾರಾಂತ್ಯ ಹೋಯಿತು. ಆರು ವಾರಕ್ಕೆ ಪಿನ್ ತುದಿಯಲ್ಲಿ ಮತ್ತೆ ಅದೇ ಹನಿ.

ಈಗ ನನ್ನ ತಪ್ಪು ಏನು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಸೀಲ್ ಬದಲಿಸಿದ್ದು ತಪ್ಪಲ್ಲ. ಎಂಜಿನ್ ಹೊರಗಿದ್ದಾಗ ಅದರ ಎಡಪಕ್ಕದ ಎರಡು ತಗಡಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಎರಡನ್ನೂ ಬಿಚ್ಚಿದ್ದೆ. ಮುಂದಿನ ಕವರ್‌ಗೆ ಒಂದು ದಪ್ಪ ಪೈಪ್ ಇರುತ್ತದೆ, ಎಂಜಿನ್ ಉಸಿರುಬಿಡುವ ದಾರಿ (ಬ್ರೀದರ್) ಅದೇ. ಅದರೊಳಗೆ ತಂತಿಯ ಜಾಲರಿ ತುರುಕಿರುತ್ತಾರೆ, ಹೊಗೆಯ ಜೊತೆ ಬರುವ ಆಯಿಲ್ ಅಲ್ಲೇ ಹನಿಯಾಗಿ ಕೆಳಗಿಳಿಯಲಿ ಅಂತ. ಆ ಕವರ್ ನನ್ನ ಕೈಯಲ್ಲೇ ಇತ್ತು. ನಾನು ಮಾಡಿದ್ದೇನು? ಹೊರಗಡೆ ಚೆನ್ನಾಗಿ ಉಜ್ಜಿದೆ, ಕಪ್ಪು ಬಣ್ಣ ಹೊಡೆದೆ, ಹೊಸ ಗ್ಯಾಸ್ಕೆಟ್ ಇಟ್ಟು ವಾಪಸ್ ಕೂರಿಸಿದೆ. ಪೈಪಿಗೆ ಬಾಯಿಟ್ಟು ಒಂದು ಸಲ ಊದಿ ನೋಡಿದ್ದರೆ ಸಾಕಿತ್ತು. ಊದಲಿಲ್ಲ. ಬಣ್ಣ ಹಸಿ ಇತ್ತು, ಮುಟ್ಟಿದರೆ ಗುರುತು ಬೀಳುತ್ತದೆ ಅಂತ!

ಕೊನೆಗೆ ದಾರಿ ತೋರಿಸಿದ್ದು ಅಪ್ಪ, ಚಿಕ್ಕಮಗಳೂರಿನಿಂದ ಫೋನಿನಲ್ಲಿ. ಅವರು ವರ್ಷಗಟ್ಟಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಹಳೇ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ವಂಶ, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್. ಅಪ್ಪ ನಕ್ಕರು. "ನಮ್ಮ ಗಾಡೀಲಿ ಆ ಜಾಗದಲ್ಲಿ ರಬ್ಬರ್ ಸೀಲೇ ಇರ್ಲಿಲ್ಲ ಕಣೋ, ಆಯಿಲ್ ವಾಪಸ್ ತಳ್ಳೋಕೆ ಬರೀ ತಿರುಪು ಗೀರು. ಆದ್ರೂ ಇಷ್ಟು ಸೋರ್ತಿರ್ಲಿಲ್ಲ. ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡು, ಹೊಗೆ ಉಗುಳುತ್ತಾ?"

ಉಗುಳುತ್ತಿತ್ತು. ಆ ಬಾಯಿಗೆ ತೆಳು ರಬ್ಬರ್ ಗ್ಲೌಸ್ ಕಟ್ಟಿ ಎಂಜಿನ್ ಐಡಲಿನಲ್ಲಿ ಬಿಟ್ಟೆ. ಐದೂ ಬೆರಳು ನೆಟ್ಟಗಾಗಿ, ಟಾಟಾ ಮಾಡುವ ಹಾಗೆ ನಿಂತುಬಿಟ್ಟಿತು. ಒಳಗೆ ಒತ್ತಡ ಕಟ್ಟಿಕೊಂಡಿದೆ ಅಂತ ಅದರರ್ಥ. ಎಲ್ಲ ಸರಿ ಇದ್ದರೆ ಗ್ಲೌಸ್ ಜೋಲು ಬೀಳಬೇಕು, ಇಲ್ಲಾ ಒಳಕ್ಕೆ ಎಳೆದುಕೊಳ್ಳಬೇಕು. ನೀವೂ ಇದನ್ನೇ ಮಾಡಿ, ಫ್ಯಾನಿನ ಹತ್ತಿರ ಕೈ ಹೋಗದ ಹಾಗೆ.

ಇದರ ಲೆಕ್ಕ ಸುಲಭ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗೆ ನುಸುಳೋದು ಎಲ್ಲ ಎಂಜಿನ್‌ನಲ್ಲೂ ಇದ್ದದ್ದೇ. ಹೊಸ ಗಾಳಿ ಆಯಿಲ್ ಮುಚ್ಚಳದ ಸಣ್ಣ ದಾರಿಯಿಂದ ಒಳಗೆ ಬರಬೇಕು. ಗ್ಯಾಸ್ ಟ್ಯಾಪೆಟ್ ಕವರಿನ ಪೈಪಿನಿಂದ ಹೊರಟು, ವೈ ಆಕಾರದ ಹೋಸ್ ಹಿಡಿದು ಎರಡೂ ಕಾರ್ಬುರೇಟರ್ ಸೇರಿ ಸುಟ್ಟುಹೋಗಬೇಕು. ಈ ದಾರಿ ಕಟ್ಟಿದರೆ ಗ್ಯಾಸ್ ಸಿಕ್ಕಿದ ಸಂದಿಯಿಂದ ಆಯಿಲನ್ನೂ ದೂಡಿಕೊಂಡು ಹೊರಬೀಳುತ್ತದೆ. ಆಗ ಹತ್ತು ಸೀಲ್ ಹಾಕಿದರೂ ಅಷ್ಟೇ.

ಮತ್ತೆ ಕವರ್ ಬಿಚ್ಚಿದೆ. ಈ ಸಲ ಎಂಜಿನ್ ಕಾರಿನಲ್ಲೇ ಇತ್ತು, ಹಾಗಾಗಿ ಕಾರ್ಬುರೇಟರ್, ಮ್ಯಾನಿಫೋಲ್ಡ್ ಎಲ್ಲ ತೆಗೆಯಬೇಕಾಯಿತು. ಊದಿದರೆ ಕೆನ್ನೆ ನೋಯಿತೇ ಹೊರತು ಗಾಳಿ ದಾಟಲಿಲ್ಲ. ಎರಡು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ ಕುಲುಕಿದೆ. ಸುಟ್ಟ ಬೆಲ್ಲದ ಪಾಕದಂಥ ಕರಿ ಅಂಟು ಉಂಡೆಯುಂಡೆಯಾಗಿ ಬಿತ್ತು. ಹೋಸ್ ಬದಲಿಸುವಾಗ ಆಯಿಲ್ ತಡೆಯುವಂಥದ್ದನ್ನೇ ತನ್ನಿ. ಹೀಟರ್ ಹೋಸ್ ಆಯಿಲಿಗೆ ಉಬ್ಬಿಕೊಂಡು ಮೆತ್ತಗಾಗುತ್ತದೆ. ಕವರಿನ ಬೋಲ್ಟ್ ಜಾಸ್ತಿ ಬಿಗಿಯಬೇಡಿ, ತಗಡು ಬಾಗಿದರೆ ಅಲ್ಲಿಂದಲೇ ಹೊಸ ಸೋರಿಕೆ ಶುರು.

ಮುಚ್ಚಳವೂ ಮುಖ್ಯ. ಅದರೊಳಗೆ ಫಿಲ್ಟರ್ ಇದೆ, 12,000 ಮೈಲಿಗೊಮ್ಮೆ ಮುಚ್ಚಳವನ್ನೇ ಬದಲಿಸಬೇಕು. ಫಳಫಳ ಹೊಳೆಯುತ್ತದೆ ಅಂತ ಗಾಳಿದಾರಿಯೇ ಇಲ್ಲದ ಮುಚ್ಚಳ ಹಾಕಬೇಡಿ. ನಿಮ್ಮ ಕಾರು 1964ರಿಂದ 68ರ ನಡುವಿನದಾದರೆ ಮ್ಯಾನಿಫೋಲ್ಡ್ ಮೇಲೆ ಅಣಬೆಯಂಥ ಸ್ಮಿತ್ಸ್ ವಾಲ್ವ್ ಇರುತ್ತದೆ, ಅದರ ರಬ್ಬರ್ ಪೊರೆ ಹರಿದಿದೆಯಾ ನೋಡಿ.

ಇನ್ನು ಕ್ಯಾಚ್ ಕ್ಯಾನ್. ರೇಸ್ ಕಾರಿಗೆ ಸರಿ. ರಸ್ತೆಯ ಕಾರಿನಲ್ಲಿ ಕಾರ್ಬುರೇಟರ್ ಕಡೆಯ ಹೋಸ್ ಕಿತ್ತು ಸುಮ್ನೆ ಡಬ್ಬಿಗೆ ಬಿಟ್ಟರೆ ಒಳಗಿನ ಗ್ಯಾಸನ್ನು ಹೊರಗೆಳೆಯುವ ಶಕ್ತಿಯೇ ಹೋಯಿತು. ಜಾಲರಿ, ಹೋಸ್, ಮುಚ್ಚಳ ಎಲ್ಲ ಸರಿಮಾಡಿದ ಮೇಲೂ ಗ್ಲೌಸ್ ಉಬ್ಬಿದರೆ ತೊಂದರೆ ಪಿಸ್ಟನ್ ರಿಂಗ್‌ನಲ್ಲಿರಬಹುದು, ಸಿಲಿಂಡರ್ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. "ಬ್ರಿಟಿಷ್ ಕಾರು ಅಂದ್ರೆ ಸೋರುತ್ತೆ ಬಿಡಿ" ಅನ್ನುವವರ ಮಾತು ಮಾತ್ರ ಕೇಳಬೇಡಿ. ನನ್ನ ಕಾರಿನ ಪಿನ್ ಈಗ ಪೂರ್ತಿ ಒಣಗಿಲ್ಲ ನಿಜ, ಆದರೆ ವಾರಕ್ಕೊಂದು ಹನಿ ಬಿದ್ದರೆ ಹೆಚ್ಚು.

ಗ್ಲೌಸ್ ಉಬ್ಬಿತೋ, ಜೋತುಬಿತ್ತೋ ಇಲ್ಲೇ ಬರೆಯಿರಿ. ಅಲ್ಲಿವರೆಗೆ ಕ್ರೇನ್ ತರಬೇಡಿ.