ಕೆಲಸದ ಮಾತು: ಸ್ಕೋರ್ ಇದೆ, ನಂಬಿಕೆ ಯಾಕಿಲ್ಲ?

ಪ್ರಶ್ನೆ: ವಿದೇಶಿ ಕ್ಲೈಂಟ್‌ನ ಕಸ್ಟಮರ್ ಸಪೋರ್ಟ್ ಪ್ರೊಸೆಸ್‌ನಲ್ಲಿ ನಾನು ಟೀಮ್ ಲೀಡರ್. ನಮ್ಮ ಸಿಸ್ಯಾಟ್ (ಕರೆಯ ನಂತರದ ಸರ್ವೇಯಲ್ಲಿ ತೃಪ್ತರೆಂದ ಗ್ರಾಹಕರ ಪ್ರಮಾಣ) ಪ್ರತಿ ತಿಂಗಳೂ ಶೇ. 90ರ ಮೇಲೆ. ಎಎಚ್‌ಟಿ (ಒಂದು ಕರೆಗೆ ಹಿಡಿಯುವ ಸರಾಸರಿ ಸಮಯ) ಟಾರ್ಗೆಟ್ ಒಳಗೇ ಇದೆ. ಆದರೂ 'ನಮ್ಮ ಗ್ರಾಹಕರಿಗೆ ನಿಮ್ಮ ಮೇಲೆ ನಂಬಿಕೆಯಿಲ್ಲ' ಅಂತಾರೆ ಕ್ಲೈಂಟ್. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಸಾಮಾನ್ಯವಾಗಿ 5ಕ್ಕೆ 4 ಅಥವಾ 5 ಕೊಟ್ಟವರನ್ನು ತೃಪ್ತರು ಎಂದು ಎಣಿಸುತ್ತೇವೆ. ಅದೂ ಸರ್ವೇಗೆ ಉತ್ತರಿಸಿದವರಲ್ಲಿ ಮಾತ್ರ. ಬೇಸತ್ತು ಫೋನ್ ಕುಕ್ಕಿದವರು ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ?

ನಾನು ಕ್ವಾಲಿಟಿ ಟೀಮ್‌ನಲ್ಲಿದ್ದಾಗ ಒಂದು ರೆಕಾರ್ಡಿಂಗ್ ಕೇಳಿದ್ದೆ. ವಯಸ್ಸಾದ ಮಹಿಳೆ, ರೀಫಂಡ್ ಬಂದಿರಲಿಲ್ಲ. ನಮ್ಮ ಹುಡುಗ ಬಲು ನಯವಾಗಿ ಮಾತಾಡಿದ. '24 ಗಂಟೆಯೊಳಗೆ ನಾನೇ ಕಾಲ್ ಮಾಡ್ತೀನಿ' ಎಂದ. ಆಕೆ 5 ಕೊಟ್ಟರು. ಟಿಕೆಟ್ (ಆ ದೂರಿನ ದಾಖಲೆ) ತೆಗೆದು ನೋಡಿದರೆ ನೋಟ್ಸ್ ಜಾಗ ಖಾಲಿ! ಮೂರನೇ ದಿನ ಆಕೆಯೇ ಮತ್ತೆ ಕರೆ ಮಾಡಿದರು. ಬೇರೆ ಏಜೆಂಟ್ ಎಲ್ಲವನ್ನೂ ಮೊದಲಿಂದ ಕೇಳಿದ. ಆಕೆ ಬೈಯಲಿಲ್ಲ. 'ಅಲ್ಲಿ ಯಾರಿಗೂ ನನ್ನ ವಿಷಯ ಗೊತ್ತೇ ಇಲ್ಲ' ಎಂದು ಫೋನ್ ಇಟ್ಟರು. ಸರ್ವೇ ತುಂಬಲಿಲ್ಲ. ನಮ್ಮ ಶೀಟ್‌ನಲ್ಲಿ ಆಕೆ 5 ಕೊಟ್ಟ ಗ್ರಾಹಕಿಯಾಗಿಯೇ ಉಳಿದರು.

ಹುಡುಗನನ್ನು ಸುಮ್ನೆ ಬೈಯಬೇಡಿ. ಕರೆ ಮುಗಿದ ಮೇಲೆ ನೋಟ್ಸ್ ಬರೆಯುವ ಹೊತ್ತೂ ಎಎಚ್‌ಟಿಗೇ ಸೇರುತ್ತದೆ. ನೀವು ಹೊಗಳುವ ಟಾರ್ಗೆಟ್ಟೇ ಅವನ ಕೈ ಕಟ್ಟಿತ್ತು.

ಉಚ್ಚಾರಣೆಯದ್ದೇ ತೊಂದರೆ ಎಂದು ಕೆಲವರು ಆಕ್ಸೆಂಟ್ ಟ್ರೇನಿಂಗ್‌ಗೆ ಓಡುತ್ತಾರೆ. 2003ರಲ್ಲಿ ಕಂಪ್ಯೂಟರ್ ಕಂಪನಿ ಡೆಲ್ ತನ್ನ ಕಾರ್ಪೊರೇಟ್ ಗ್ರಾಹಕರ ಕೆಲವು ಸಪೋರ್ಟ್ ಕರೆಗಳನ್ನು ಬೆಂಗಳೂರಿನಿಂದ ಅಮೆರಿಕಕ್ಕೆ ವಾಪಸ್ ಒಯ್ದಾಗ ಉಚ್ಚಾರಣೆಯ ದೂರಿತ್ತು ನಿಜ. ಜೊತೆಗೆ ಸ್ಕ್ರಿಪ್ಟ್ ಓದಿದಂಥ ಉತ್ತರಗಳ ದೂರೂ ಇತ್ತು. ನನ್ನನ್ನು ಕೇಳಿದರೆ ಎರಡನೆಯದೇ ಜಾಸ್ತಿ ಚುಚ್ಚುವುದು.

ಇನ್ನೊಂದು ಮಾತು. ಕಾರ್ಡ್ ಹಿಂದಿನ ಮೂರು ಅಂಕಿಯನ್ನು ಪೇಮೆಂಟ್ ಆದ ಮೇಲೆ ಉಳಿಸಿಕೊಳ್ಳಬಾರದು ಎಂದು ಪಿಸಿಐ (ಕಾರ್ಡ್ ಪಾವತಿಯ ಸುರಕ್ಷತಾ ಮಾನದಂಡ) ನಿಯಮವಿದೆ. ಅದಕ್ಕೇ ಎಷ್ಟೋ ಕಡೆ ಕಾರ್ಡ್ ವಿವರ ಕೇಳುವಾಗ ಕರೆಯ ರೆಕಾರ್ಡಿಂಗ್ ನಿಲ್ಲಿಸುತ್ತಾರೆ. ನಿಮ್ಮಲ್ಲೂ ನಿಲ್ಲಿಸುವುದಾದರೆ ಗ್ರಾಹಕರಿಗೆ ಬಾಯಿಬಿಟ್ಟು ಹೇಳಿಸಿ: 'ಈಗ ರೆಕಾರ್ಡಿಂಗ್ ನಿಲ್ಲಿಸಿದ್ದೇನೆ, ನಂಬರ್ ಹೇಳಿ.' ದೂರದ ದೇಶದ ಅಪರಿಚಿತನಿಗೆ ಕಾರ್ಡ್ ನಂಬರ್ ಕೊಡುವವರ ಅಳುಕು ಸ್ವಲ್ಪವಾದರೂ ಇಳಿಯುತ್ತದೆ.

ಈ ವಾರ 5 ಸಿಕ್ಕ 20 ಕರೆಗಳನ್ನು ತೆಗೆಯಿರಿ. ಅದೇ ನಂಬರಿನಿಂದ ಏಳು ದಿನದೊಳಗೆ ಮತ್ತೆ ಕರೆ ಬಂದಿದೆಯಾ ನೋಡಿ. ಬಂದಿದ್ದರೆ ಕ್ಲೈಂಟ್ ಕೇಳುವ ಮೊದಲೇ ಆ ಪಟ್ಟಿಯನ್ನು ನೀವೇ ಕಳಿಸಿ.