ಮನಸ್ಸಿನ ಮಾತು: ಮಗಳ ಫೋನ್ ಕಿತ್ತುಕೊಂಡಿದ್ದೇವೆ, ಮುಂದೇನು?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ, ಸೈನ್ಸ್. ನೋಟ್ಸ್ ಎಲ್ಲ ವಾಟ್ಸಾಪ್ ಗ್ರೂಪಿಗೇ ಬರುತ್ತೆ ಅಂತ ಹೋದ ವರ್ಷ ಫೋನ್ ಕೊಡಿಸಿದೆವು. ಈಗ ರಾತ್ರಿ ಒಂದು ಗಂಟೆಯಾದರೂ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ನೋಡುತ್ತಿರುತ್ತಾಳೆ. ಊಟ ಅರ್ಧ ಬಿಡುತ್ತಾಳೆ. ಕನ್ನಡಿ ಮುಂದೆ ನಿಂತು "ನಾನು ಕಪ್ಪು, ದಪ್ಪ" ಅಂತಾಳೆ. ಮೊನ್ನೆ ಅವರಪ್ಪ ಸಿಟ್ಟಿನಲ್ಲಿ ಫೋನ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಗಿನಿಂದ ಇಬ್ಬರ ಜೊತೆಗೂ ಮಾತಿಲ್ಲ. ಇದು ಚಟವಾ, ಮಾನಸಿಕ ಕಾಯಿಲೆಯಾ? ಫೋನ್ ವಾಪಸ್ ಕೊಡಬೇಕಾ?
– ಹೆಸರು ಬೇಡ, ತಿಪಟೂರು

ಉತ್ತರ: ಊಟ ಅರ್ಧ ಬಿಡುತ್ತಾಳೆ ಅನ್ನೋ ಸಾಲನ್ನು ನಾನು ಎರಡೆರಡು ಸಲ ಓದಿದೆ. ಫೋನಿನ ಮಾತು ಆಮೇಲೆ. ಮೊದಲು ಇದನ್ನು ನೋಡಿ. ಅವಳು ತೆಳ್ಳಗಾಗುತ್ತಿದ್ದಾಳಾ? ಊಟವಾದ ತಕ್ಷಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳಾ? ಮುಟ್ಟು ತಪ್ಪುತ್ತಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಸಾಕು, ಕಾಯಬೇಡಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಕೈ ಮೇಲೆ ಕುಯ್ದುಕೊಂಡ ಗುರುತು ಕಂಡರೆ, ಸಾಯುವ ಮಾತಾಡಿದರೆ ಅದೇ ದಿನ ಹೋಗಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸಲಹೆ ಕೊಡುವ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ಕಾಸು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಚಟವಾ, ಕಾಯಿಲೆಯಾ ಎಂದು ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮ್ ಆಡುವ ಗೀಳಿಗೆ ಜಾಗವಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ರೀಲ್ಸ್ ನೋಡುವುದು ಅಂತ ಬೇರೆ ಕಾಯಿಲೆ ಅದರಲ್ಲಿಲ್ಲ. ಹಾಗಂತ ತೊಂದರೆಯೇ ಇಲ್ಲ ಎಂದಲ್ಲ. ಆದರೆ ಅವಳ ಮುಂದೆ ಚಟ, ಹುಚ್ಚು ಅನ್ನೋ ಮಾತು ದಯವಿಟ್ಟು ಬೇಡ. ತನ್ನ ಬಗ್ಗೆ ಈಗಾಗಲೇ ಕೆಟ್ಟದಾಗಿ ಅಂದುಕೊಳ್ಳುತ್ತಿರುವ ಹುಡುಗಿಗೆ ಇನ್ನೊಂದು ಕೆಟ್ಟ ಹೆಸರು ಯಾಕೆ?

ರಾತ್ರಿ ಒಂದು ಗಂಟೆಯವರೆಗೆ ನೋಡುವುದು ಬರೀ ಅವಳ ಹಟ ಅಂದುಕೊಂಡಿದ್ದೀರಿ ಅನಿಸುತ್ತೆ. ಆದರೆ ಈ ಆ್ಯಪ್‌ಗಳನ್ನು ಕಟ್ಟಿರುವುದೇ ಹಾಗೆ. ಮೊದಲೆಲ್ಲ ವೆಬ್ ಪುಟಕ್ಕೆ ಒಂದು ಕೊನೆ ಇರುತ್ತಿತ್ತು. ಮುಂದಿನ ಪುಟ ಬೇಕೆಂದರೆ ಒತ್ತಬೇಕಿತ್ತು, ಅಲ್ಲಿ ಕೈ ಒಂದು ಕ್ಷಣ ನಿಲ್ಲುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ ಆ ಕೊನೆಯನ್ನೇ ತೆಗೆದುಹಾಕುವ ದಾರಿ ತೋರಿಸಿದರು. ಆಮೇಲೆ ಅವರೇ ಅದರ ಬಗ್ಗೆ ಪಶ್ಚಾತ್ತಾಪ ಪಟ್ಟಿದ್ದಾರೆ. ಸರಿಸಿದಷ್ಟೂ ಬರುತ್ತದೆ, ಮುಂದಿನದು ಇನ್ನೂ ಚೆನ್ನಾಗಿರಬಹುದು ಅನ್ನೋ ಆಸೆ ಬಿಡುವುದಿಲ್ಲ. ನಾವು ದೊಡ್ಡವರೇ ಸೋಲುತ್ತೇವೆ, ಅಲ್ವಾ?

ಅವಳು ಏನು ನೋಡುತ್ತಾಳೆ ಅನ್ನುವುದು ಎಷ್ಟು ಹೊತ್ತು ನೋಡುತ್ತಾಳೆ ಅನ್ನುವುದಕ್ಕಿಂತ ಮುಖ್ಯ ಎಂದು ನನಗೆ ಅನಿಸುತ್ತದೆ. ಒಂದು ಸಲ ತೆಳ್ಳಗಾಗುವ ರೀಲ್ ಪೂರ್ತಿ ನೋಡಿದರೆ ಮುಂದೆ ಅಂಥದ್ದೇ ಜಾಸ್ತಿ ಬರುತ್ತವೆ. ಫಿಲ್ಟರ್ ಹಾಕಿದ ಮುಖಗಳ ಮಧ್ಯೆ ಕೂತು ಕನ್ನಡಿ ನೋಡಿದರೆ ಯಾರ ಮುಖ ತಾನೇ ಚೆನ್ನಾಗಿ ಕಂಡೀತು? 2021ರಲ್ಲಿ ಫ್ರಾನ್ಸಿಸ್ ಹೌಗೆನ್ ಎಂಬ ಮಹಿಳೆ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರ ಹೊರಗೆ ತಂದರು. ಇನ್‌ಸ್ಟಾಗ್ರಾಂ ಆ ಕಂಪನಿಯದ್ದೇ. ಆ ಕಾಗದಪತ್ರದ ಪ್ರಕಾರ, ತಮ್ಮ ಮೈಕಟ್ಟಿನ ಬಗ್ಗೆ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ, ಇನ್‌ಸ್ಟಾಗ್ರಾಂನಿಂದ ಆ ಬೇಸರ ಇನ್ನೂ ಹೆಚ್ಚಾಗುತ್ತದೆ ಎಂದಿದ್ದರು. ಕಂಪನಿಗೆ ಇದು ಗೊತ್ತಿತ್ತು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯ, ಆಗಿದ್ದಾಗ, 2023ರಲ್ಲಿ, ಇದರ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸೋಷಿಯಲ್ ಮೀಡಿಯಾದಲ್ಲಿರುವ ಮಕ್ಕಳಿಗೆ ಖಿನ್ನತೆ, ಆತಂಕದ ಅಪಾಯ ದುಪ್ಪಟ್ಟು ಎಂದು ಅದರಲ್ಲಿದೆ. ಇದನ್ನು ಓದಿ ಗಾಬರಿಯಾಗಬೇಡಿ. ಫೋನ್ ನೋಡಿ ಬೇಜಾರಾಗುವ ಮಕ್ಕಳಿದ್ದಾರೆ. ಬೇಜಾರಾಗಿ ಫೋನ್ ಹಿಡಿಯುವ ಮಕ್ಕಳೂ ಇದ್ದಾರೆ. ನಿಮ್ಮ ಮಗಳು ಯಾವ ಕಡೆಯವಳು ಅಂತ ಬೀರುವಿನ ಬೀಗದಿಂದ ತಿಳಿಯುವುದಿಲ್ಲ. ಅವಳು ಬಾಯಿ ಬಿಡಬೇಕು.

ಹಾಗಾಗಿ ಫೋನ್ ವಾಪಸ್ ಕೊಡಿ. ಕಿತ್ತುಕೊಂಡವರು ಅವರಪ್ಪ, ಕೊಡುವುದೂ ಅವರೇ ಆಗಲಿ. ಕೊಡುವಾಗ ಷರತ್ತು ಒಂದೇ ಇರಲಿ. ರಾತ್ರಿ ಹತ್ತಕ್ಕೆ ಮನೆಯ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. ಎಲ್ಲರದ್ದೂ ಅಂದರೆ ಅಪ್ಪನದ್ದೂ ಸೇರಿ. ಇಲ್ಲದಿದ್ದರೆ ಇದು ಎರಡು ದಿನ ನಡೆಯುವುದಿಲ್ಲ. "ಅಲಾರಂಗೆ ಫೋನ್ ಬೇಕು" ಅಂತಾಳೆ, ಒಂದು ಟೇಬಲ್ ಗಡಿಯಾರ ತಂದಿಡಿ. "ನೋಟ್ಸ್ ಬೇಕು" ಅಂತಾಳೆ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟವರಿಗೆ ಸಣ್ಣ ಮಾತೂ ಚುಚ್ಚುತ್ತದೆ. ಉಳಿದ ಹೊತ್ತಿನ ಬಗ್ಗೆ ಸದ್ಯಕ್ಕೆ ಜಗಳ ಬೇಡ.

ಮಾತಾಡಿಸಲು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಅವರೆಕಾಯಿ ಬಿಡಿಸುವಾಗಲೋ ಬಟ್ಟೆ ಮಡಚುವಾಗಲೋ ಪಕ್ಕದಲ್ಲಿದ್ದರೆ ಸುಮ್ನೆ ಶುರು ಮಾಡಿ. "ಇವತ್ತು ಏನು ಬಂತು, ನನಗೂ ತೋರಿಸು" ಎಂದು ಕೇಳಿ. ನೋಡಿ, ನಗುವುದಿದ್ದರೆ ನಗಿ. ಮೈಬಣ್ಣ, ಡಯಟ್ಟಿನ ರೀಲ್ ಬಂದರೆ ಬೈಯದೆ, ಅದರ ಮೇಲೆ ಆಸಕ್ತಿ ಇಲ್ಲ ಎಂದು ಒತ್ತುವುದು ಹೇಗೆ ಅಂತ ಅವಳನ್ನೇ ಕೇಳಿ. ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ" ಅಂತ ಮನೆಯಲ್ಲಿ, ನೆಂಟರಲ್ಲಿ ಯಾರಾದರೂ ಅನ್ನುತ್ತಿದ್ದರೆ ಅದನ್ನು ನಿಲ್ಲಿಸಿ. ಈ ಮಾತು ರೀಲ್ಸ್‌ಗಿಂತ ಹಳೆಯದು.

ಇಷ್ಟಾದರೂ ಕೆಲವು ವಾರದಲ್ಲಿ ಏನೂ ಬದಲಾಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಬಳಕೆ ಕೈಮೀರಿದವರಿಗೆಂದೇ 2014ರಿಂದ ಶಟ್ ಎಂಬ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದರಲ್ಲಿ ಅವಮಾನವೇನಿಲ್ಲ.

ಪ್ರಶ್ನೆ: ನಿವೃತ್ತ ಶಿಕ್ಷಕ. ಹೆಂಡತಿ ಹೋದ ಮೇಲೆ ಒಬ್ಬನೇ. ಮಗ ಡಲ್ಲಾಸ್‌ನಲ್ಲಿದ್ದಾನೆ. ರಾತ್ರಿ ಮೆಸೇಜ್ ಹಾಕುತ್ತೇನೆ, ನೀಲಿ ಗೆರೆ ಬರುತ್ತದೆ, ಉತ್ತರ ಇಲ್ಲ. ನಿದ್ದೆಯೇ ಹತ್ತುವುದಿಲ್ಲ. ಮೊಬೈಲ್ ಬಿಟ್ಟುಬಿಡಲೇ?
– ಶಿರಸಿ

ಉತ್ತರ: ಬಿಡಬೇಡಿ ಸರ್. ನಿಮ್ಮ ವಿಷಯದಲ್ಲಿ ಆ ಫೋನೇ ಮಗನ ಮುಖ ತೋರಿಸುವ ಕಿಟಕಿ. ನೀವು ರಾತ್ರಿ ಒಂಬತ್ತಕ್ಕೆ ಬರೆದಾಗ ಅಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ ಹತ್ತೂವರೆ. ಆಫೀಸಿನ ಮಧ್ಯೆ ಓದುತ್ತಾನೆ, ಆಮೇಲೆ ಬರೆಯೋಣ ಅಂದುಕೊಳ್ಳುತ್ತಾನೆ, ಮರೆಯುತ್ತಾನೆ. ನೀವು ಬೆಳಗ್ಗೆ ಏಳಕ್ಕೆ ವಿಡಿಯೊ ಕಾಲ್ ಮಾಡಿ, ಅಲ್ಲಿ ರಾತ್ರಿ ಎಂಟೂವರೆ ಆಗಿರುತ್ತದೆ. ಚಳಿಗಾಲದಲ್ಲಿ ಅಲ್ಲಿ ಒಂದು ಗಂಟೆ ಹಿಂದೆ, ಏಳೂವರೆ. ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ. ವಾಟ್ಸಾಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ರೀಡ್ ರಿಸಿಪ್ಟ್ಸ್ ಆಫ್ ಮಾಡಿ, ನೀಲಿ ಗೆರೆ ಕಾಣುವುದಿಲ್ಲ. ಗ್ರೂಪಿನಲ್ಲಿ ಮಾತ್ರ ಅದು ಹಾಗೇ ಇರುತ್ತದೆ. ಒಬ್ಬರೇ ಇರುವುದು ಭಾರವಾಗಿದೆ ಅಂತ ಮಗನಿಗೆ ಬಾಯಿಬಿಟ್ಟು ಹೇಳಿದ್ದೀರಾ? ಹೇಳಿ ಸರ್. ಅವನಿಗೆ ಅದು ಗೊತ್ತಾಗಬೇಕು.

ಪ್ರಶ್ನೆ: ನಿದ್ದೆಗೆ ಬ್ಲೂ ಲೈಟ್ ಕನ್ನಡಕ ತಗೋಬೇಕಾ?
– ಡಿಗ್ರಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ದುಡ್ಡು ಉಳಿಸಿ. ಪರದೆಯ ನೀಲಿ ಬೆಳಕು ತಡೆಯುವ ಈ ಕನ್ನಡಕಗಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ, ಕಾಕ್ರೇನ್ ಎಂಬ ಸಂಸ್ಥೆಯ 2023ರ ವರದಿಗೆ ನಿದ್ದೆ ಸುಧಾರಿಸುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಫೋನನ್ನು ಹಾಸಿಗೆಯಿಂದ ದೂರ ಇಡಿ, ಅದಕ್ಕೆ ಖರ್ಚಿಲ್ಲ.