ಚೀನಾದ ಹಣ: ಸಾಲವೋ, ಪಾಲೋ?

ಪ್ರಶ್ನೆ: ಸಾಲ ತೀರಿಸಲಾಗದೆ ಶ್ರೀಲಂಕಾ ತನ್ನ ಹಂಬನ್‌ತೋಟ ಬಂದರನ್ನೇ ಚೀನಾಕ್ಕೆ ಬಿಟ್ಟುಕೊಟ್ಟಿತು ಎನ್ನುತ್ತಾರೆ. ಚೀನಾದ ಕಂಪನಿಗಳು ಹೊರದೇಶದಲ್ಲಿ ಹಣ ಹಾಕುವುದೆಂದರೆ ಕೊನೆಗೆ ಆಸ್ತಿ ಬರೆಸಿಕೊಳ್ಳುವುದೇ? (ಭಟ್ಕಳದ ಓದುಗರು)

ಉತ್ತರ: ಈ ಕಥೆ ಎಷ್ಟು ಹರಡಿದೆಯೆಂದರೆ, ನಿಜವಾಗಿ ನಡೆದದ್ದೇನು ಎಂದು ಕೇಳುವವರೇ ಕಡಿಮೆ. ಹಾಗಾಗಿ ನಿಮ್ಮ ಪ್ರಶ್ನೆ ಕಂಡು ಸಂತೋಷವಾಯಿತು.

ಇಲ್ಲಿ ಚೀನಾದ ಮೂರು ಬೇರೆ ಬೇರೆ ಕೈಗಳಿವೆ. ಮೊದಲನೆಯದು ಚೀನಾ ಸರ್ಕಾರದ ಎಕ್ಸಿಮ್ ಬ್ಯಾಂಕ್. ಬಂದರಿನ ಮೊದಲ ಹಂತಕ್ಕೆ 2007ರಲ್ಲಿ ಸುಮಾರು 30 ಕೋಟಿ ಡಾಲರ್ ಸಾಲ ಕೊಟ್ಟದ್ದು ಅದು. ಎರಡನೆಯದು ಕಟ್ಟಿದ ಗುತ್ತಿಗೆದಾರರು. ಚೀನಾ ಹಾರ್ಬರ್ ಅವರಲ್ಲಿ ಮುಖ್ಯ ಕಂಪನಿ. ಸಾಲದ ಹಣದ ದೊಡ್ಡ ಪಾಲು ಈ ಗುತ್ತಿಗೆಯ ಮೂಲಕ ಚೀನಾಕ್ಕೇ ಮರಳಿತು. 2010ರಲ್ಲಿ ಬಂದರು ತೆರೆಯಿತು, ಆದರೆ ಹಡಗುಗಳು ಬರಲಿಲ್ಲ. 2012ರ ಇಡೀ ವರ್ಷದಲ್ಲಿ ಬಂದದ್ದು 34 ಹಡಗು.

ಮೂರನೆಯ ಕೈ ಬಂದರು ನಡೆಸುವ ಕಂಪನಿ ಚೀನಾ ಮರ್ಚೆಂಟ್ಸ್ ಪೋರ್ಟ್. 2017ರಲ್ಲಿ ಅದು 112 ಕೋಟಿ ಡಾಲರ್‌ಗೆ ಬಂದರಿನ ಹೆಚ್ಚಿನ ಪಾಲನ್ನು 99 ವರ್ಷದ ಗುತ್ತಿಗೆಗೆ ಪಡೆಯಿತು. ಜನ ತಪ್ಪು ತಿಳಿದಿರುವುದು ಇಲ್ಲಿಯೇ. ಆ ಹಣದಿಂದ ಎಕ್ಸಿಮ್ ಬ್ಯಾಂಕಿನ ಸಾಲ ಚುಕ್ತಾ ಆಗಲಿಲ್ಲ. ಕರಗುತ್ತಿದ್ದ ವಿದೇಶಿ ವಿನಿಮಯ ಸಂಗ್ರಹಕ್ಕೆ ಹಣ ಹೋಯಿತು, ಬಂದರಿನ ಸಾಲ ಸರ್ಕಾರದ ತಲೆಯ ಮೇಲೆಯೇ ಉಳಿಯಿತು. ಹೊಲವನ್ನು ಗುತ್ತಿಗೆಗೆ ಕೊಟ್ಟು, ಬಂದ ದುಡ್ಡಿನಲ್ಲಿ ಊರಿನ ಕೈಸಾಲ ನಿಭಾಯಿಸಿ, ಹೊಲದ ಮೇಲಿನ ಬ್ಯಾಂಕ್ ಸಾಲವನ್ನು ಹಾಗೇ ಉಳಿಸಿಕೊಂಡ ರೈತನ ಸ್ಥಿತಿಯಿದು. ಜಪ್ತಿಯೆಂದು ಇದನ್ನು ಕರೆಯಲಾಗದು. ಹಾಗೆಂದು ಶ್ರೀಲಂಕಾಕ್ಕೆ ಲಾಭವಾಯಿತೆಂದೂ ಹೇಳಲಾರೆ.

ಮತ್ತೆ ಊರಿನ ಕೈಸಾಲ ಯಾರದ್ದು? ಅದರ ದೊಡ್ಡ ಪಾಲು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಬಾಂಡ್‌ಗಳದ್ದು, ಅಂದರೆ ಸಾಲಪತ್ರಗಳದ್ದು. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿದಾಗ ಅತಿ ದೊಡ್ಡ ಹೊರೆಯಾಗಿದ್ದವು ಈ ಬಾಂಡ್‌ಗಳೇ.

ನನಗೆ ಮುಖ್ಯವೆನಿಸುವುದು ಸಾಲಕ್ಕೂ ಪಾಲಿಗೂ ಇರುವ ಅಂತರ. ಬಂದರು ಖಾಲಿ ಬಿದ್ದರೂ ಸಾಲದ ಕಂತು ಕಟ್ಟಲೇಬೇಕು. ಪಾಲು ಹಾಕಿದ ಕಂಪನಿಯಾದರೆ ನಷ್ಟದಲ್ಲಿ ಅದೂ ಪಾಲುದಾರ, ಹಾಗಾಗಿ ಹಡಗು ತರಿಸುವ ಜವಾಬ್ದಾರಿಯೂ ಅದರದ್ದು. ಗ್ರೀಸ್‌ನ ಪಿರೇಯಸ್ ಬಂದರನ್ನು ನೋಡಿ. ಚೀನಾದ ಹಡಗು ಕಂಪನಿ ಕಾಸ್ಕೊ ಮೊದಲು ಅಲ್ಲಿನ ಕಂಟೇನರ್ ಕಟ್ಟೆಗಳನ್ನು ವಹಿಸಿಕೊಂಡಿತು, 2016ರಲ್ಲಿ ಬಂದರು ಸಂಸ್ಥೆಯ ಶೇ 51ರಷ್ಟು ಪಾಲು ಕೊಂಡಿತು. 2010ರಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕಿಂತ ಕಡಿಮೆ ಕಂಟೇನರ್ ಸಾಗಿಸುತ್ತಿದ್ದ ಬಂದರು 2019ರ ಹೊತ್ತಿಗೆ 50 ಲಕ್ಷ ದಾಟಿತು. ಕಾರ್ಮಿಕರು ಆರಂಭದಿಂದಲೂ ಮುಷ್ಕರ ಹೂಡಿದ್ದಾರೆ, ಅವರ ದೂರುಗಳಲ್ಲಿ ಹುರುಳಿದೆ. ಆದರೆ ಖಾಲಿ ಬಂದರಿನ ಸಾಲ ತೀರಿಸುವ ಗತಿ ಗ್ರೀಸ್‌ಗೆ ಬರಲಿಲ್ಲ.

ಪ್ರಶ್ನೆ: ವೋಲ್ವೊ ಈಗ ಚೀನಾದ ಕಂಪನಿಯಂತೆ. ಹಾಗಾದರೆ ನಮ್ಮ ಐರಾವತ ಬಸ್ಸುಗಳೂ ಚೀನಾದವೇ? (ಹೊಸಕೋಟೆಯ ಓದುಗರು)

ಉತ್ತರ: ಅಲ್ಲ. ಬಸ್ಸು, ಲಾರಿಗಳ ಎಬಿ ವೋಲ್ವೊ 1999ರಲ್ಲಿ ತನ್ನ ಕಾರು ವಿಭಾಗವನ್ನು ಫೋರ್ಡ್‌ಗೆ ಮಾರಿತು. ಚೀನಾದ ಗೀಲಿ 2010ರಲ್ಲಿ ಫೋರ್ಡ್‌ನಿಂದ ಕೊಂಡದ್ದು ಆ ಕಾರು ಕಂಪನಿಯನ್ನು. ಮುಂದೆ ಗೀಲಿ ಎಬಿ ವೋಲ್ವೊದಲ್ಲೂ ಸಣ್ಣ ಪಾಲು ತೆಗೆದುಕೊಂಡಿತು, ಯಜಮಾನಿಕೆ ಸಿಗುವಷ್ಟಲ್ಲ. ನಿಮ್ಮೂರಿನಲ್ಲೇ 2017ರಿಂದ ವೋಲ್ವೊ ಕಾರುಗಳನ್ನೂ ಜೋಡಿಸುತ್ತಾರೆ; ಗೊಂದಲವಾಗುವುದು ಸಹಜ.

ಕಾರು ಕಂಪನಿಯ ಕೇಂದ್ರ ಕಚೇರಿ ಇವತ್ತಿಗೂ ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲೇ ಇದೆ. ಗೀಲಿಗೆ ತಂತ್ರಜ್ಞಾನ ಸಿಕ್ಕಿತು, ವೋಲ್ವೊಗೆ ಬಂಡವಾಳ ಮತ್ತು ಚೀನಾದ ಮಾರುಕಟ್ಟೆ. ಎಲ್ಲ ಖರೀದಿಗಳನ್ನೂ ಯುರೋಪ್ ಇಷ್ಟು ನಿರಾಳವಾಗಿ ಒಪ್ಪಲಿಲ್ಲ. 2016ರಲ್ಲಿ ಚೀನಾದ ಗೃಹೋಪಯೋಗಿ ಉಪಕರಣಗಳ ಕಂಪನಿ ಮಿಡಿಯಾ, ಜರ್ಮನಿಯ ರೋಬಾಟ್ ತಯಾರಕ ಕುಕಾವನ್ನು ಕೊಂಡಾಗ ಅಲ್ಲಿನವರು ಬೆಚ್ಚಿದರು, ಮರುವರ್ಷವೇ ಜರ್ಮನಿ ವಿದೇಶಿ ಖರೀದಿಯ ನಿಯಮ ಬಿಗಿ ಮಾಡಿತು.

ಪ್ರಶ್ನೆ: ಚೀನಾದ ಹೂಡಿಕೆಯನ್ನು ತನಗೆ ಬೇಕಾದಂತೆ ಬಗ್ಗಿಸಿಕೊಂಡ ದೇಶವಿದೆಯೇ? ಭಾರತ ಏನು ಮಾಡಬೇಕು? (ಧಾರವಾಡದ ಅರ್ಥಶಾಸ್ತ್ರ ವಿದ್ಯಾರ್ಥಿನಿ)

ಉತ್ತರ: ಇಂಡೊನೇಷ್ಯಾವನ್ನು ಓದಿ. ನಿಕ್ಕಲ್ ಅದಿರನ್ನು ಕಚ್ಚಾ ರೂಪದಲ್ಲಿ ಹೊರಗೆ ಕಳಿಸುವುದನ್ನು ಅದು 2020ರ ಜನವರಿಯಿಂದ ಪೂರ್ತಿ ನಿಷೇಧಿಸಿತು. ಅದಿರು ಬೇಕಿದ್ದರೆ ಇಲ್ಲೇ ಕುಲುಮೆ ಕಟ್ಟಿ ಎಂಬುದು ಷರತ್ತು. ತ್ಸಿಂಗ್‌ಶಾನ್‌ನಂಥ ಚೀನೀ ಕಂಪನಿಗಳು ಸುಲವೇಸಿ ದ್ವೀಪದ ಮೊರೊವಾಲಿಯಲ್ಲಿ ಕುಲುಮೆ, ಉಕ್ಕಿನ ಕಾರ್ಖಾನೆ, ಬಂದರು ಎಲ್ಲವನ್ನೂ ಕಟ್ಟಿದವು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ನಿಕ್ಕಲ್ ತೆಗೆಯುವ ದೇಶ ಅದೇ.

ಬೆಲೆಯನ್ನೂ ತೆರಬೇಕಾಯಿತು. ಕುಲುಮೆಗಳು ಓಡುವುದು ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ, ಕೊಳೆಯ ದೂರು ಮೀನುಗಾರರದ್ದು. 2023ರ ಡಿಸೆಂಬರ್‌ನಲ್ಲಿ ಮೊರೊವಾಲಿಯ ಕುಲುಮೆಯೊಂದು ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅವರಲ್ಲಿ ಇಂಡೊನೇಷ್ಯಾದವರೂ ಇದ್ದರು, ಚೀನೀಯರೂ ಇದ್ದರು. ಕಾರ್ಖಾನೆ ಬರಲಿ ಎಂದು ಷರತ್ತು ಹಾಕಿದ ಸರ್ಕಾರ ಕಾರ್ಮಿಕರ ಸುರಕ್ಷತೆಯಲ್ಲೂ ಅಷ್ಟೇ ಗಟ್ಟಿಯಾಗಿ ನಿಲ್ಲಬೇಕಿತ್ತು.

ಭಾರತದ ವಿಷಯ. 2020ರ ಏಪ್ರಿಲ್‌ನಲ್ಲಿ, ಚೀನಾದ ಕೇಂದ್ರ ಬ್ಯಾಂಕಿಗೆ ಆಗಿನ ಗೃಹಸಾಲ ಸಂಸ್ಥೆ ಎಚ್‌ಡಿಎಫ್‌ಸಿಯಲ್ಲಿ ಶೇ 1ರಷ್ಟು ಪಾಲು ಇರುವುದು ಸುದ್ದಿಯಾದ ಬೆನ್ನಲ್ಲೇ, ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಗಾಲ್ವಾನ್ ಸಂಘರ್ಷ ನಡೆದದ್ದು ಆಮೇಲೆ, ಜೂನ್‌ನಲ್ಲಿ. ಆದರೆ 2024ರ ಆರ್ಥಿಕ ಸಮೀಕ್ಷೆ, ಚೀನಾದಿಂದ ಸರಕು ತರಿಸುತ್ತಲೇ ಇರುವುದಕ್ಕಿಂತ ಅಲ್ಲಿನ ಕಂಪನಿಗಳು ಇಲ್ಲಿ ಹೂಡುವಂತೆ ಮಾಡುವುದು ಮೇಲೆಂಬ ವಾದ ಮುಂದಿಟ್ಟಿತು. ನನ್ನ ಒಲವು ಆ ಕಡೆಗೆ. ದೂರಸಂಪರ್ಕ, ವಿದ್ಯುತ್ ಜಾಲಗಳಿಗೆ ಬಾಗಿಲು ಬೇಡ. ಬ್ಯಾಟರಿ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಭಾರತೀಯ ಪಾಲುದಾರರೊಂದಿಗೆ ಬರಲಿ. ಇಲ್ಲಿನ ಎಂಜಿನಿಯರ್‌ಗಳಿಗೆ ಎಷ್ಟು ವರ್ಷದಲ್ಲಿ ಏನೇನು ಕಲಿಸಬೇಕೆಂಬುದು ಅನುಮತಿ ಪತ್ರದಲ್ಲೇ ಬರೆದಿರಲಿ.